ಅಣ್ಣ ಬೇಡಿದ ದೃಷ್ಟಿ

ಯಾರಿಗೂ ಹೆದರದ ನನ್ನ ಅಪ್ಪ ಒಣಮೆಣಸಿನಕಾಯಿಗೆ ಹೆದರುತ್ತಿದ್ದ. ನಗಬೇಡಿ. ಅವ್ವ ಮಗನ ದೃಷ್ಟಿ ತೆಗೆದು, ಉಪ್ಪು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಾಗ ಘಾಟು ಎದ್ದರೆ ಚಿಂತೆಯಿಲ್ಲ. ಘಾಟು ಏಳಲಿಲ್ಲವೋ, ಯಾರದೋ ಕೆಟ್ಟ ಕಣ್ಣು ತಗುಲಿದೆ ಎಂದೇ ಲೆಕ್ಕ. ಆಗ ಅವ್ವ ಹೇಳಿದ್ದಕ್ಕೆಲ್ಲ ಅಪ್ಪ ಹೂಂ ಅನ್ನುತ್ತಿದ್ದ.

ಅರವತ್ತರ ದಶಕದ ಕೊನೆಯ ಮಾತು. ಹುಬ್ಬಳ್ಳಿಯಿಂದ ಬಂದ ಅಪ್ಪ ನಾಸಿಕದ ಆಚೆಯ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಪಾಳಿ ಮುಗಿಸಿ ಬಂದು ಕಾಲೋನಿಯ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದವನೂ ಅವನೇ. ಬೇರೆ ಹುಡುಗರು ಸಂಜೆ ಬಂದು ಆಡಿ, ಕಿತ್ತಾಡಿ, ಮನೆಗೆ ಹೋಗುತ್ತಿದ್ದರು. ನನ್ನ ಅಣ್ಣನಿಗೆ ಮಾತ್ರ ನಸುಕಿನಲ್ಲಿ ಓಟ, ಶಾಲೆ ಬಿಟ್ಟ ಮೇಲೆ ಒಬ್ಬನೇ ಗೋಡೆಗೆ ಚೆಂಡು ಒದೆಯುವುದು, ಆಮೇಲೆ ತಂಡದೊಂದಿಗೆ ಆಟ, ಊಟಕ್ಕೆ ಕೂತರೆ ಅವತ್ತಿನ ತಪ್ಪುಗಳ ಪಾರಾಯಣ. ಹನ್ನೆರಡು ವರ್ಷದ ಹುಡುಗ! ಗೆದ್ದು ಬಂದರೂ ಬೈಗುಳ ತಪ್ಪುತ್ತಿರಲಿಲ್ಲ. "ಎಡಗಾಲು ಯಾರಿಗರೆ ಬಾಡಿಗಿ ಕೊಟ್ಟೀಯೇನು?" ಎಂದು ಅಪ್ಪ ಕೇಳುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ದಿನಾ ನಡೆಯುತ್ತಿತ್ತು.

ಅಣ್ಣ ಚೆನ್ನಾಗಿ ಆಡುತ್ತಿದ್ದ, ಅದೇ ಅವನ ದುರ್ದೈವ. ಮೊದಮೊದಲು ಚೆಂಡನ್ನು ಹಾಸಿಗೆಯಲ್ಲಿಟ್ಟುಕೊಂಡು ಮಲಗುತ್ತಿದ್ದವನು ಆ ದೀಪಾವಳಿಯ ಹೊತ್ತಿಗೆ ಬೂಟಿಗೆ ಹಚ್ಚುವ ಎಣ್ಣೆಯ ವಾಸನೆ ಬಂದರೆ ವಾಂತಿ ಮಾಡಿಕೊಳ್ಳತೊಡಗಿದ. ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಅಷ್ಟು ದೊಡ್ಡ ಹುಡುಗ ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಅವನಿಗಿಂತ ಎರಡು ವರ್ಷ ಚಿಕ್ಕವಳಾದ ನಾನು ಕೇಳಿದೆ, "ಅಣ್ಣಾ, ಕಾಲು ನೋಯ್ತಾವೇನು?"

"ಕಾಲಿಗೇನಾಗಿಲ್ಲ," ಅಂದ. "ನನಗs ಸಾಕಾಗೇದ."

ಸಾಕಾಗಿದೆ ಎಂಬುದು ನಮ್ಮ ಮನೆಯಲ್ಲಿ ಯಾವ ರೋಗವೂ ಆಗಿರಲಿಲ್ಲ. ಅವ್ವ ತನಗೆ ಗೊತ್ತಿದ್ದ ರೋಗವನ್ನೇ ಹುಡುಕಿದಳು. ಕಾಲೋನಿಯೆಲ್ಲ ನನ್ನ ಮಗನನ್ನು ಹೊಗಳುತ್ತದೆ, ಇನ್ನೇನಾಗುತ್ತದೆ ಎಂದು ಅವಳ ಲೆಕ್ಕ. "ನರರ ಕಣ್ಣಿಗೆ ಮರಾನೂ ಸಿಡೀತದ," ಎಂದು ಗೊಣಗುತ್ತ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆದು ಶೇಗಡಿಯ ಕೆಂಡಕ್ಕೆ ಹಾಕಿದಳು. ಘಾಟು ಏಳಲಿಲ್ಲ. ಕೆಂಡ ಆರಿತ್ತೋ, ಮೆಣಸಿನಕಾಯಿ ಮೆತ್ತಗಾಗಿತ್ತೋ, ಇವತ್ತು ನನಗೆ ಹಾಗನ್ನಿಸುತ್ತದೆ. ಅವತ್ತು ಅವ್ವನ ಮುಖ ಬಿಳಿಚಿಕೊಂಡಿತು.

"ಏನ್ರೀ, ಹುಡುಗಗ ದೃಷ್ಟಿ ಆಗೇದ್ರಿ. ನಾಳಿ ಅಂವಾ ಹೊರಗ ಕಾಲಿಡೂದಿಲ್ಲ. ಇನ್ನೊಮ್ಮೆ ಹಿಂಗಾತಂದ್ರ ಆ ಚೆಂಡು ಬಾಂವ್ಯಾಗ ಒಗೀತೀನಿ, ಆಟಾನs ಬಂದ್!"

ಅಪ್ಪ ಹೂಂ ಎಂದು ತಲೆಯಾಡಿಸಿದ. ದೇವರಾಣೆ, ಅವನು ತಲೆಯಾಡಿಸಿದ್ದನ್ನು ನಾನು ನೋಡಿದೆ. ಮರುದಿನ ಅಣ್ಣ ಹಗಲೆಲ್ಲ ಮಲಗಿದ. ಸಂಜೆ ಎದ್ದು ರೊಟ್ಟಿ ಹಾಕಿಸಿಕೊಂಡು ತಿಂದ, ನನ್ನ ಜಡೆ ಎಳೆದು ಓಡಿದ. ಎಷ್ಟೋ ತಿಂಗಳ ಮೇಲೆ ಅವನು ಮತ್ತೆ ಅಣ್ಣನಾಗಿದ್ದ.

ಅದರ ಮರುದಿನ ಮತ್ತೆ ನಸುಕಿನ ಓಟ. ಔರಂಗಾಬಾದಿನ, ಅಂದರೆ ಈಗಿನ ಸಂಭಾಜಿನಗರದ ಪಂದ್ಯಾವಳಿ ಹತ್ತಿರ ಬರುತ್ತಿತ್ತು. ಅವ್ವ ಮತ್ತೆ ದೃಷ್ಟಿ ತೆಗೆದಳು, ಈ ಸಲ ಘಾಟು ಎದ್ದಿತು. ಅಣ್ಣನ ಮೋರೆ ಸಪ್ಪಗಾಯಿತು. ಅವನಿಗೆ ದೃಷ್ಟಿ ಬೇಕಾಗಿತ್ತು. ಜ್ವರ ಬರಲೆಂದು ಮಕ್ಕಳು ಬೇಡಿಕೊಳ್ಳುವುದನ್ನು ಕೇಳಿದ್ದೇನೆ, ಕೆಟ್ಟ ಕಣ್ಣು ಬೀಳಲೆಂದು ಬೇಡಿಕೊಂಡ ಹುಡುಗನನ್ನು ಕಂಡದ್ದು ಅವನೊಬ್ಬನನ್ನೇ.

ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಸಟಾಣಾ ಎಂಬ ಊರಿನ ಒಬ್ಬ ಮರಾಠಿ ಅಜ್ಜಿಯಿದ್ದಳು. ಅವಳ ಕಣ್ಣು ಕೆಟ್ಟದ್ದೆಂದು ಕಾಲೋನಿಗೆಲ್ಲ ಗೊತ್ತಿತ್ತು. ಅವಳು ಬಂದರೆ ಹೆಂಗಸರು ಕೂಸಿನ ಮೇಲೆ ಸೆರಗೆಳೆಯುತ್ತಿದ್ದರು. ಪಾಪದ ಮುದುಕಿ, ಯಾರ ಮನೆಗೂ ಹೋಗದೆ ಬಾಗಿಲಲ್ಲೇ ಕೂತು ಉಳ್ಳಾಗಡ್ಡಿ ಸುಲಿಯುತ್ತಿದ್ದಳು. ಅಣ್ಣ ನನ್ನ ಕೈ ಹಿಡಿದುಕೊಂಡು ಅವಳೆದುರು ಹೋಗಿ ನಿಂತ.

"ಆಜೀ, ನಾನು ಚಲೋ ಆಡ್ತೀನಲ್ಲಾ?" ಎಂದು ಮರಾಠಿಯಲ್ಲಿ ಕೇಳಿದ.

ಅಜ್ಜಿ ಗಾಬರಿಯಾಗಿ ಕಣ್ಣು ಕೆಳಗಿಳಿಸಿದಳು. "ನಾಹೀ ರೇ ಬಾಳಾ," ಅಂದಳು, "ಇಲ್ಲಪ್ಪಾ ಮಗನೇ, ನೀನೇನೂ ಚಲೋ ಆಡೂದಿಲ್ಲ." ನೆಲಕ್ಕೆ ಥೂ ಥೂ ಎಂದು ಉಗುಳಿದಳು.

"ಒಮ್ಮೆ ಅನ್ರಿ ಆಜೀ. ನನ್ನ ನೋಡಿ ಅನ್ರಿ." ಅಜ್ಜಿ ತಲೆ ಎತ್ತಲೇ ಇಲ್ಲ. ಅವಳಿಗೆ ಅವನೆಂದರೆ ಜೀವ. ಅದಕ್ಕೇ ಹೊಗಳಲಿಲ್ಲ.

ಔರಂಗಾಬಾದಿಗೆ ತಂಡದ ಬಸ್ಸಿನಲ್ಲಿ ನಮ್ಮನ್ನೂ ಹತ್ತಿಸಿಕೊಂಡು ಹೋದರು. ಹೊರಡುವ ಮೊದಲು ಅವ್ವ ಅಣ್ಣನ ಕೆನ್ನೆಗೊಂದು, ಅಂಗಾಲಿಗೊಂದು ಕಾಡಿಗೆ ಬೊಟ್ಟು ಇಟ್ಟಿದ್ದಳು. ಮೈದಾನಕ್ಕಿಳಿಯುವಾಗ ಅವನು ಅಂಗಿಯ ತುದಿಯಿಂದ ಕೆನ್ನೆಯನ್ನು ಗಸಗಸ ತಿಕ್ಕಿಕೊಂಡ. ಆಮೇಲೆ ಕೆಳಗೆ ಕೂತು ಬೂಟು, ಕಾಲುಚೀಲ ಬಿಚ್ಚಿ, ಅಂಗಾಲನ್ನೂ ಮಣ್ಣಿಗೆ ಉಜ್ಜಿದ. ಬೂಟಿನಲ್ಲಿ ಹರಳು ಸಿಕ್ಕಿದೆಯೆಂದು ಅಪ್ಪ ತಿಳಿದ. "ಲಗೂ ಮುಗಸೋ!" ಎಂದು ಕೂಗಿದ.

ಅವತ್ತು ಅಣ್ಣ ಆಡಿದ ಹಾಗೆ ಎಂದೂ ಆಡಿರಲಿಲ್ಲ. ಜನ ಹೊಗಳಲೆಂದೇ ಆಡಿದ. ಗೋಲು ಹೊಡೆದಾಗ ಗೆಳೆಯರ ಹತ್ತಿರ ಓಡಲಿಲ್ಲ. ಜನ ನಿಂತ ಕಡೆಗೆ ಬಂದು, ಮುಖವೆತ್ತಿ, ಸುಮ್ಮನೆ ನಿಂತುಕೊಂಡ. ಶಾಬಾಸ್, ಕ್ಯಾ ಖೇಲಾ, ಭಲೇ ಎಂದು ಎಲ್ಲ ಕಡೆಯಿಂದ ಕೂಗು. ಸಾವಿರ ಕಣ್ಣು ಅವನ ಮೇಲೆ. ಅಪ್ಪ ಅವತ್ತು ಮೊದಲ ಸಲ ಮಗನ ಬೆನ್ನು ತಟ್ಟಿದ. ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ನನ್ನ ಕಿವಿಯಲ್ಲಿ ಹೇಳಿದ, "ಭಾಳ ಮಂದಿ ನೋಡ್ಯಾರ. ಇವತ್ತ ದೃಷ್ಟಿ ನಕ್ಕೀ ಆಗೇದ." ಅವನ ಮುಖದಲ್ಲಿ ನಗೆಯಿತ್ತು.

ಮನೆಗೆ ಬಂದವಳೇ ಅವ್ವ ಶೇಗಡಿ ಹೊತ್ತಿಸಿದಳು. ಊರಿಗೆ ಊರೇ ಹೊಗಳಿದ ಮೇಲೆ ಸುಮ್ಮನಿರುತ್ತಾಳೆಯೇ? ಕೆಂಡ ನಿಗಿನಿಗಿ ಅನ್ನುವವರೆಗೆ ಬೀಸಿದಳು. ಹೊಸ ಮೆಣಸಿನಕಾಯಿ ತಂದು, ಇಳಿ ತೆಗೆದು, ಹಿಡಿಗಟ್ಟಲೆ ಹಾಕಿದಳು. ಅಣ್ಣ ಉಸಿರು ಬಿಗಿಹಿಡಿದು ಶೇಗಡಿಯನ್ನೇ ನೋಡುತ್ತಿದ್ದ.

ಅಬ್ಬಾ, ಎಂಥ ಘಾಟು! ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಹೊರಗೋಡಿ ಬಂದೆವು. ಅಪ್ಪ ಕೆಮ್ಮುತ್ತಲೇ ನಕ್ಕ. "ನೋಡಿದ್ಯಾ? ಏನೂ ಆಗಿಲ್ಲ ಇವಗ!"

ಅಣ್ಣ ಒಳಗೇ ನಿಂತಿದ್ದ, ಹೊಗೆಯ ನಡುವೆ. "ಅವ್ವಾ," ಅಂದ, "ಇನ್ನೊಮ್ಮೆ ತಗಿ."

"ಯಾಕೋ ನನ ರಾಜಾ, ದೃಷ್ಟಿ ಏನೂ ಇಲ್ಲಲ್ಲ."

"ಇನ್ನೊಮ್ಮೆ ತಗಿ ಬೇ. ಕೈ ಮುಗೀತೀನಿ."

ಅವ್ವ ಒಳಗೆ ಹೋಗಿ ಅವನ ಕಣ್ಣೊರೆಸಿ, ಘಾಟಿಗೆ ನೀರು ಬಂದಿದೆ ಅಂದಳು. ನಸುಕಿನಲ್ಲಿ ಎದ್ದೇಳಬೇಕೆಂದು ಅಪ್ಪ ಹೇಳಿದ. ಅಪ್ಪ ಅವ್ವ ಇಬ್ಬರೂ ಈಗಿಲ್ಲ, ನನ್ನ ಸಿಟ್ಟು ಮಾತ್ರ ಹಾಗೇ ಇದೆ.

ಮರುದಿನ ಯಾರೂ ಎಬ್ಬಿಸಬೇಕಾಗಲಿಲ್ಲ. ಅಣ್ಣ ತಾನೇ ಎದ್ದು ಬೂಟು ಕಟ್ಟಿಕೊಂಡ. ಮುಂದೆಯೂ ಬಹಳ ವರ್ಷ ಆಡಿದ, ಯಾರನ್ನೂ ಏನನ್ನೂ ಕೇಳಲಿಲ್ಲ. ಅವತ್ತು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವನು ಸಾಲಿನ ಕೊನೆಯ ಮನೆ ದಾಟುವಾಗ ಸಟಾಣಾದ ಅಜ್ಜಿ ಅಂಗಳ ಗುಡಿಸುತ್ತಿದ್ದಳು. ಅವನ ಬೂಟಿನ ಸಪ್ಪಳ ಕೇಳಿ ಕಸಬರಿಗೆ ಕೆಳಗಿಟ್ಟು, ಅವನಿಗೆ ಕೆಡುಕಾಗಬಾರದೆಂದು, ಗೋಡೆಗೆ ಮುಖ ಮಾಡಿ ನಿಂತಳು.