ಅಪ್ಪನ ವಾಟರ್ ಕಂಪನಿ, ಊರವರ ಗುಂಡಿ

ಹಗರಿಬೊಮ್ಮನಹಳ್ಳಿಯಲ್ಲಿ ನೀರಿಗೆ ನಮ್ಮಪ್ಪನೇ ಮಾಲೀಕ ಎಂದು ಜನ ಹೇಳುತ್ತಿದ್ದ ಕಾಲವೊಂದಿತ್ತು. ಎಪ್ಪತ್ತರ ದಶಕದ ಮಾತು. ಈಗಿನ ಮಕ್ಕಳಿಗೆ ಹೇಳಿದರೆ, "ರಿಯಲೀ ಅಜ್ಜಿ?" ಎಂದು ನಗುತ್ತಾರೆ. ಆಗ ಊರು ನಮ್ಮ ಕಣ್ಣೆದುರೇ ಬೆಳೆಯುತ್ತಿತ್ತು. ಬಳ್ಳಾರಿಯ ಕಾನ್ವೆಂಟಿನಿಂದ ನಾನು ರಜೆಗೆ ಬಂದಾಗಲೆಲ್ಲ ಒಂದು ಹೊಸ ಶೇಂಗಾ ಮಿಲ್ಲು, ಒಂದು ಹೊಸ ಓಣಿ, ಬಸ್‌ಸ್ಟ್ಯಾಂಡಿನ ಹತ್ತಿರ ಮತ್ತೊಂದು ಮಿರ್ಚಿ ಮಂಡಕ್ಕಿ ಅಂಗಡಿ ಎದ್ದಿರುತ್ತಿತ್ತು. ಬೆಳೆಯದೆ ಉಳಿದದ್ದು ನೀರೊಂದೇ. ಕುಡಿಯಲು ಊರಿಗೆಲ್ಲ ಒಂದೇ ಸಿಹಿನೀರಿನ ಬಾವಿ. ಅಲ್ಲಿ ಕೊಡಗಳ ಸಾಲು ಬೆಳಗಿನಿಂದ ಸಂಜೆಯವರೆಗೂ ಕರಗುತ್ತಿರಲಿಲ್ಲ.

ಅಪ್ಪನಿಗೆ ಶೇಂಗಾ ಮಿಲ್ಲಿತ್ತು. ಇಬ್ಬರು ಗೆಳೆಯರನ್ನು ಸೇರಿಸಿಕೊಂಡು, ಹಳ್ಳದ ದಂಡೆಯಲ್ಲಿದ್ದ ನಮ್ಮ ತೋಟದ ಬಾವಿಗೆ ದೊಡ್ಡ ಎಂಜಿನ್ ಕೂರಿಸಿದರು. ಕಲ್ಲಿನ ಟ್ಯಾಂಕ್ ಕಟ್ಟಿಸಿದರು. ಅಲ್ಲಿಂದ ಓಣಿ ಓಣಿಗೆ ಪೈಪು. ಹಾಸ್ಟೆಲ್ಲಿನಲ್ಲಿ ನಾನು, "ಮೈ ಫಾದರ್ ಹ್ಯಾಸ್ ಎ ವಾಟರ್ ಕಂಪನಿ" ಎಂದು ಜಂಭ ಕೊಚ್ಚಿದ್ದೆ. ಸಿಸ್ಟರ್ ಪಾಪ ಸೋಡಾ ಫ್ಯಾಕ್ಟರಿ ಎಂದುಕೊಂಡಿದ್ದರು.

ಆ ಬೇಸಿಗೆ ಬಂದಾಗ ಬೀದಿಯುದ್ದಕ್ಕೂ ಪೈಪುಗಳನ್ನು ಒಟ್ಟಿದ್ದರು. ಬಿಸಿಲಿಗೆ ಕಾದ ಡಾಂಬರಿನ ವಾಸನೆ, ಅಗೆದ ಕೆಂಪು ಮಣ್ಣಿನ ವಾಸನೆ, ದೂರದಿಂದ ಎಂಜಿನ್ನಿನ ಟುಕು ಟುಕು. ನಾನೂ ಹುಲಿಗಿಯೂ ಪೈಪಿನ ಎರಡು ತುದಿಗೆ ಬಾಯಿಟ್ಟು ಕೂಗುತ್ತಿದ್ದೆವು. ಹುಲಿಗಿ ಎಂದರೆ ಹುಲಿಗೆಮ್ಮ, ನಮ್ಮ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುತ್ತಿದ್ದ ದುರುಗವ್ವನ ಮಗಳು. ನನ್ನದೇ ವಯಸ್ಸು.

"ಲೇ ಕಾನ್ವೆಂಟು, ಕೇಳಸ್ತೈತೇನಲೇ?"

"ಕೇಳಸ್ತೈತಿ!"

"ನೀರಿಗೆ ವಾಟರ್ ಅಂದಿ. ನಳಕ್ಕೇನಂತಾರ?"

"ಟ್ಯಾಪ್."

"ಟ್ಯಾಪು! ಗುಡ್ಡದ ಓಣಿಗೆ ಟ್ಯಾಪು ಬಂತೋ!" ಎಂದು ಅವಳು ಕೂಗಿದ್ದು ಪೈಪಿನೊಳಗೆ ಗುಂಯ್‌ಗುಟ್ಟಿ ನನ್ನ ಕಿವಿ ತುಂಬಿತ್ತು.

ಗುಡ್ಡದ ಓಣಿ ಅವಳ ಮನೆಯಿದ್ದ ಓಣಿ. ಊರಿನ ತುದಿ, ಏರಿನ ಮೇಲೆ. ದುರುಗವ್ವ ಬೆಳಕು ಹರಿಯುವಾಗಲೇ ಮಿಲ್ಲಿಗೆ ಬರಬೇಕು, ಆದ್ದರಿಂದ ಬಾವಿಯ ನೀರು ಹುಲಿಗಿಯ ಪಾಲಿನ ಕೆಲಸ. ಸರದಿ ಮುಗಿಸಿ, ಕೊಡ ಇಳಿಸಿ, ಶಾಲೆಗೆ ಓಡುವಷ್ಟರಲ್ಲಿ ಎರಡು ಪಾಠ ಮುಗಿದಿರುತ್ತಿದ್ದವು. ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಕೊನೆಗೆ ದುರುಗವ್ವ ಶಾಲೆಯನ್ನೇ ಬಿಡಿಸಿದ್ದಳು. ಅಪ್ಪ ಕೇಳಿದಾಗ ಅವಳು ಮೊರ ಕೆಳಗಿಡದೆಯೇ ಹೇಳಿದಳು:

"ನಮ್ಮನ್ಯಾಗ ನೀರು ತರಾಕ ಮತ್ಯಾರದಾರ್ರಿ? ನಳ ಬರ್ಲಿ, ಅವತ್ತ ಸಾಲಿಗೆ ಕಳಸ್ತೀನಿ."

"ಸಾಲಿ ಸುರು ಆಗೋದ್ರೊಳಗ ನಿನ್ನ ಬಾಗಿಲಿಗೆ ನೀರು ಬರ್ತೈತಿ ದುರುಗವ್ವ. ಬರದಿಟ್ಟುಕೋ."

"ನನಗೆಲ್ಲಿ ಬರಿಯಾಕ ಬರ್ತೈತ್ರಿ ಸಾವ್ಕಾರ್ರ. ನೀವ ನೆಪ್ಪಿಟ್ಟುಕೊಳ್ರಿ."

ಅಪ್ಪ ಮಾತು ಉಳಿಸಿಕೊಂಡರು, ಕೆಲವೇ ದಿನ. ನೀರು ಬಿಟ್ಟ ಬೆಳಿಗ್ಗೆ ಗುಡ್ಡದ ಓಣಿಯ ನಳಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ದಾರದಷ್ಟು ಸಣ್ಣಗೆ ನೀರು ಬಂತು. ಹುಲಿಗಿ ಬೊಗಸೆ ಒಡ್ಡದೆ ನೇರ ಬಾಯಿಟ್ಟು ಕುಡಿದಳು. ಅವಳ ಹಳೆಯ ಸ್ಲೇಟನ್ನು ದುರುಗವ್ವ ಅಟ್ಟದಿಂದ ಇಳಿಸಿ ಸೆರಗಿನಲ್ಲೇ ಒರೆಸಿದ್ದನ್ನು ನಾನು ನೋಡಿದೆ.

ಆಮೇಲೆ ಶುರುವಾದವು ಗುಂಡಿಗಳು.

ಮೊದಲು ತೋಡಿದವರು ಯಾರೋ, ದೇವರಿಗೇ ಗೊತ್ತು. ಪೈಪಿನಲ್ಲಿ ನೀರಿನ ರಭಸ ಕಡಿಮೆ. ನಳವನ್ನು ನೆಲಕ್ಕಿಂತ ಕೆಳಗಿಳಿಸಿದರೆ ನೀರು ದಪ್ಪಗೆ ಬರುತ್ತದೆ ಎಂದು ಒಬ್ಬರು ಕಂಡುಕೊಂಡರು. ಪಕ್ಕದ ಮನೆಯ ನೀರು ಸಣ್ಣಗಾಯಿತು. ಅವರು ಇನ್ನೂ ಆಳಕ್ಕೆ ತೋಡಿದರು. ಅವರನ್ನು ನೋಡಿ ಮತ್ತೊಬ್ಬರು. ನಮ್ಮ ಜನಕ್ಕೆ ಗ್ರಾವಿಟಿಯ ಪಾಠವನ್ನು ಯಾರೂ ಮಾಡಬೇಕಿರಲಿಲ್ಲ. ಹೆಂಗಸರು ಮೆಟ್ಟಿಲು ಇಳಿದು ಹೋಗಿ ಕೊಡ ತುಂಬುವ ಹಾಗಾಯಿತು. ಬಚ್ಚಲ ನೀರು ಗುಂಡಿಗೆ ಜಿನುಗಿತು, ಕಪ್ಪೆಗಳು ಸಂಸಾರ ಹೂಡಿದವು. ಆದರೂ ಒಬ್ಬರೂ ನಿಲ್ಲಿಸಲಿಲ್ಲ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಎಲ್ಲರೂ ಸುಮ್ಮನಿದ್ದಿದ್ದರೆ ಎಲ್ಲರಿಗೂ ಸಾಕಾಗುತ್ತಿತ್ತು. ಸೋ ಸಿಂಪಲ್!

ಗುಡ್ಡದ ಓಣಿಯ ನಳಕ್ಕೆ ಹುಲಿಗಿ ಕಿವಿ ಹಚ್ಚಿ ಕೂತಿರುತ್ತಿದ್ದಳು. "ಗಾಳಿ ಅಷ್ಟ ಬರಾಕತ್ತೈತಲೇ," ಎನ್ನುತ್ತಿದ್ದಳು.

ಶಾಲೆ ತೆರೆಯುವ ದಿನ ಹತ್ತಿರ ಬಂತು. ಅಪ್ಪ ಆಳುಗಳಿಗೆ ಸಲಿಕೆ, ಮಣ್ಣು ತುಂಬಿದ ಬುಟ್ಟಿ ಹೊರಿಸಿಕೊಂಡು ಗುಂಡಿ ಮುಚ್ಚಿಸಲು ಹೊರಟರು. ನಾನೂ ಹುಲಿಗಿಯೂ ಹಿಂದೆ ಹಿಂದೆ. ಮೊದಲನೆಯ ಮನೆಯಲ್ಲೇ, ಕಿರಾಣಿ ಅಂಗಡಿಯ ಬಸಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಮುಚ್ಚಸ್ತೀವ್ರಿ ಸಾವ್ಕಾರ್ರ, ಯಾಕ ಒಲ್ಲೆ ಅನ್ನೋಣು? ಮೊದಲು ನಿಮ್ಮ ಹಿತ್ತಲದ್ದು ಮುಚ್ಚಸ್ರಿ."

"ನಮ್ಮ ಹಿತ್ತಲದಾಗೇನೈತಿ?"

"ಅಯ್ಯ ಶಿವನ! ಊರಿಗೆಲ್ಲ ಗೊತ್ತೈತಿ, ಮಾಲಕರಿಗೇ ಗೊತ್ತಿಲ್ಲಂತ!"

ಹಿತ್ತಲು ಹೆಂಗಸರ ಜಾಗ, ಗಂಡಸರು ಅತ್ತ ಹಾಯುತ್ತಿರಲಿಲ್ಲ. ಅಪ್ಪ ಮಿಲ್ಲಿಗೆ ಹೋದ ಹೊತ್ತಿನಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಗುಂಡಿ ತೋಡಿಸಿದ್ದಳು. ಅದೆಂಥ ಗುಂಡಿ! ಕಡಪಾ ಕಲ್ಲು ಹಾಸಿ, ಮೆಟ್ಟಿಲು ಕಟ್ಟಿಸಿ, ಇಡೀ ಊರಿಗೇ ಆಳವಾದದ್ದು. ಅಪ್ಪ ಅದರ ಅಂಚಿಗೆ ಬಂದು ಅಜ್ಜಿಯನ್ನು ಕರೆದರು.

"ಯವ್ವಾ, ಇದನ್ನ ಮುಚ್ಚಬೇಕು. ಗುಡ್ಡದ ಓಣಿಗೆ ನೀರು ಏರವಲ್ದು."

"ಕಂಪನಿ ಯಾರ್ದು?"

"ನಮ್ದ."

"ನಮ್ದಾದ ಮ್ಯಾಲ ನಮ್ಮ ಮನಿಗೆ ನೀರು ಕಮ್ಮಿ ಆಗಬೇಕೇನು? ಮಗ ಊರಿಗೆ ನೀರು ಕೊಟ್ಟ, ಹಡದಾಕಿ ಕೈಯಾಗ ಖಾಲಿ ಕೊಡ ಕೊಟ್ಟ ಅಂತ ಮಂದಿ ಆಡಿಕೊಳ್ಳಲೇನು?"

ಅಪ್ಪ ಸಲಿಕೆ ಎತ್ತಿಕೊಂಡರು. ಅಜ್ಜಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಒಂದೊಂದೇ ಮೆಟ್ಟಿಲಿಳಿದು, ಗುಂಡಿಯ ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಹಾಕಪಾ ಮಣ್ಣು. ನನ್ನ ತೆಲಿ ಮ್ಯಾಲ ಹಾಕು."

ನಾನು ತಡೆಯಲಾರದೆ ಅಳುತ್ತ, "ಇಟ್ಸ್ ನಾಟ್ ಫೇರ್, ಅಜ್ಜಿ!" ಎಂದೆ.

"ಇಕಿ ನೋಡು, ಇಂಗ್ಲೀಷಿನ್ಯಾಗ ಅಳಾಕತ್ತಾಳ," ಎಂದಳು ಅಜ್ಜಿ ಗುಂಡಿಯೊಳಗಿಂದಲೇ. ಆಳುಗಳು ನಕ್ಕರು. ಅಪ್ಪ ನಗಲಿಲ್ಲ. ಸಲಿಕೆಯನ್ನು ಗೋಡೆಗೆ ಆನಿಸಿ, ಆಳುಗಳ ಕಡೆ ನೋಡದೆಯೇ, "ನಾಳೆ ನೋಡೋಣು" ಎಂದರು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಹುಲಿಗಿ ಮನೆಗೆ ಹೋದಳು.

ಆ ನಾಳೆ ಬರಲಿಲ್ಲ. ಮಾಲೀಕನ ಗುಂಡಿಯೇ ಬಾಯಿ ತೆರೆದು ಕೂತಿರುವಾಗ ಊರವರು ಯಾಕೆ ಮುಚ್ಚುತ್ತಾರೆ? ಟ್ರಂಕು ಹಿಡಿದು ಬಳ್ಳಾರಿ ಬಸ್ಸು ಹತ್ತಿದ ದಿನ, ಕಿಟಕಿಯಿಂದ ಬಾವಿಯ ಸರದಿಯಲ್ಲಿ ಹುಲಿಗಿ ಕಂಡಳು. ಕೈ ಬೀಸಿದೆ. ಅವಳ ಎರಡು ಕೈಯಲ್ಲೂ ಕೊಡಗಳಿದ್ದವು.

ಕೆಲವು ವರ್ಷಗಳಲ್ಲಿ ಕಂಪನಿ ಮುಳುಗಿತು. ಎಂಜಿನ್ ಯಾರದೋ ಹೊಲಕ್ಕೆ ಹೋಯಿತು, ಅಪ್ಪ ಮತ್ತೆಂದೂ ಅದರ ಹೆಸರೆತ್ತಲಿಲ್ಲ. ಈಗ ಊರಿಗೆ ಬೇರೆ ನೀರು ಬಂದಿದೆ. ಗುಂಡಿಯ ಜಾಗದಲ್ಲಿ ಮೋಟಾರು ಕೂತಿದೆ, ಸ್ವಿಚ್ ಒತ್ತಿ ಪಕ್ಕದ ಮನೆಯ ನೀರನ್ನು ಎಳೆದುಕೊಳ್ಳುತ್ತಾರೆ. ನಥಿಂಗ್ ಹ್ಯಾಸ್ ಚೇಂಜ್ಡ್.

ಈಚೆಗೆ ಕೊಟ್ಟೂರಿನಲ್ಲಿ ಒಂದು ಮದುವೆಗೆ ಹೋಗಿದ್ದಾಗ ಹುಲಿಗಿ ಸಿಕ್ಕಳು. ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು. ನಾನೇ ಆ ಬೇಸಿಗೆಯ ಮಾತು ತೆಗೆದೆ. ಅವಳು ಬೈಯಲಿ ಎಂದು ಕಾದೆ. ಅವಳು ನಕ್ಕು, "ನಿಮ್ಮಪ್ಪಾರು ದೇವರಂಥವ್ರು. ಹಡದಾಕಿ ಗುಂಡ್ಯಾಗ ಕುಂತ್ರ ಅವರರ ಏನ್ ಮಾಡ್ಯಾರು? ಬಿಡು, ಸಾಲಿ ನನ್ನ ಹಣ್ಯಾಗ ಬರದಿರಲಿಲ್ಲ," ಎಂದಳು.

ಇಷ್ಟು ಸುಲಭವಾಗಿ ಬಿಟ್ಟುಕೊಟ್ಟಳಲ್ಲ ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು. ಹಣೆಬರಹವಂತೆ! ನಮ್ಮ ಹಿತ್ತಲಿಗೆ ನಾಲ್ಕು ಬುಟ್ಟಿ ಮಣ್ಣು ಬೇಕಾಗಿತ್ತು, ಅಷ್ಟೇ. ಬುಟ್ಟಿಗಳು ತುಂಬಿಕೊಂಡು ಬಾಗಿಲಲ್ಲೇ ಇದ್ದವು.