ಗೆರೆಯ ಮೇಲಿನ ಅಂಗೈ

ನಮ್ಮ ದೇವನಹಳ್ಳಿ ಕಚೇರಿಯಲ್ಲಿ ಅಂತರ್ಜಲದ ಲೆಕ್ಕ ನೋಡುತ್ತಿದ್ದ ಮೇಡಂಗೆ ಒಂದು ಚಟವಿತ್ತು. ಕೊಳವೆಬಾವಿಗಳ ನೀರಿನ ಮಟ್ಟವನ್ನು ಅಳೆದು ಕಂಪ್ಯೂಟರಿಗೆ ತುಂಬಿದರೆ ಸಾಫ್ಟ್‌ವೇರು ಪರದೆಯ ಮೇಲೆ ಚುಕ್ಕೆಗಳನ್ನಿಟ್ಟು, ನಡುವೆ ಅಂದವಾದ ಗೆರೆ ಎಳೆದುಕೊಡುತ್ತಿತ್ತು. ನಾವು ಅದನ್ನು ನೋಡಿ ಖುಷಿಪಡುವಷ್ಟರಲ್ಲಿ ಆಕೆ ಗೆರೆಯ ಮೇಲೆ ಅಂಗೈ ಇಟ್ಟುಬಿಡುತ್ತಿದ್ದರು.

"ಗೆರೆ ಬಿಡಿ ಸಾರ್, ಚುಕ್ಕೆ ನೋಡಿ."

ಅಂಗೈ ಕೆಳಗೆ ಚುಕ್ಕೆಗಳೂ ಮುಚ್ಚಿಹೋಗುತ್ತವೆ ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಒಮ್ಮೆ ಬೂದಿಗೆರೆ ಕಡೆಯ ಒಂದು ಬಾವಿಯ ನೀರು ಏರುತ್ತಲೇ ಹೋಯಿತು. ಸುತ್ತಲಿನ ಬಾವಿಗಳೆಲ್ಲ ಇಳಿಯುತ್ತಿದ್ದವು. ಸಾಹೇಬರು ಏರುವ ಗೆರೆಯನ್ನೇ ಮೇಲಿನವರಿಗೆ ತೋರಿಸಲು ಸಜ್ಜಾದರು. ಮೇಡಂ ಅಂಗೈ ಇಟ್ಟರು. ಮುಂದಿನ ಅಳತೆಯ ದಿನ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಊರಿನವರಿಗೆ ಹೇಳಿದ್ದ ಹೊತ್ತಿಗಿಂತ ಮುಂಚೆಯೇ ಹೊರಟರು.

ಹೋದರೆ, ಪಕ್ಕದ ಜಮೀನಿನಲ್ಲಿ ಸೈಟು ಮಾರುತ್ತಿದ್ದ ಯಜಮಾನರು ನಾವು ಅಳೆಯುವ ಬಾವಿಯ ಬಾಯಿಗೆ ಟ್ಯಾಂಕರಿನ ಪೈಪು ಇಳಿಸಿ ನೀರು ಬಿಡಿಸುತ್ತಿದ್ದರು. ಇಲ್ಲಿ ನೀರಿಗೇನೂ ಬರವಿಲ್ಲವೆಂದು ಕೊಳ್ಳುವವರಿಗೆ ನಮ್ಮ ಕಚೇರಿಯ ಗ್ರಾಫನ್ನೇ ತೋರಿಸುತ್ತಿದ್ದರಂತೆ. ಸಿಕ್ಕಿಬಿದ್ದರೂ ಆತ ಅಳುಕಲಿಲ್ಲ.

"ಗಂಡಿನೋರು ನೋಡೋಕೆ ಬರೋ ದಿನ ಹುಡುಗೀಗೆ ಅಲಂಕಾರ ಮಾಡಲ್ವೇನಮ್ಮಾ?"

ಈಗ ಜಗಳ ಶುರುವಾಯಿತು ಎಂದುಕೊಂಡೆ. ಮೇಡಂ ಅಳತೆಯ ಟೇಪನ್ನು ನಿಧಾನವಾಗಿ ಸುತ್ತಿ ಚೀಲಕ್ಕಿಟ್ಟರು.

"ಮಾಡಿ ಯಜಮಾನ್ರೇ, ಚೆನ್ನಾಗೇ ಮಾಡಿ. ನಾಳೆಯಿಂದ ನಾವು ದಿನಾ ನೋಡೋಕೆ ಬರ್ತೀವಿ."

ಯಜಮಾನರು ಟ್ಯಾಂಕರಿನವನ ಕಡೆ ತಿರುಗಿ ಕೂಗಿದರು: "ಸಾಕು ನಿಲ್ಸಲೇ!"