ನಿಷೇಧಾಜ್ಞೆಯ ದಿನದ ಬಾಡಿಗೆ

ಬಂಟ್ವಾಳ–ಮೂಡುಬಿದಿರೆ ರಸ್ತೆಯ ನಮ್ಮ ಊರಲ್ಲಿ ರಿಕ್ಷಾ ಓಡಿಸುತ್ತಿದ್ದ ಆ ಅಣ್ಣ ಖಾಕಿ ಅಂಗಿಯ ಕೊರಳ ಗುಂಡಿಯನ್ನೂ ಬಿಡದೆ ಹಾಕುತ್ತಿದ್ದರು. ಎಷ್ಟು ಬೇಡಿಕೊಂಡರೂ ನಾಲ್ಕನೆಯವರನ್ನು ಹತ್ತಿಸುತ್ತಿರಲಿಲ್ಲ. ಪೊಲೀಸರು ಕೈ ಅಡ್ಡ ಹಿಡಿದರೆ ನಾವು ಗೊಣಗುತ್ತಿದ್ದೆವು, ಅವರು ನಗುತ್ತಲೇ ಇಳಿಯುತ್ತಿದ್ದರು. "ತಪ್ಪು ಮಾಡದವರಿಗೆ ಹೆದರಿಕೆ ಯಾಕೆ ಮಾರಾಯ್ರೆ?"

ಒಮ್ಮೆ ಒಂದು ಕೊಲೆಯಾಗಿ ತಾಲೂಕಿಡೀ ನಿಷೇಧಾಜ್ಞೆ ಹಾಕಿ, ಯಾರೂ ಮನೆಯಿಂದ ಹೊರಗೆ ಬರಬಾರದೆಂದು ಪೊಲೀಸರು ಸಾರಿದರು. ಅಂಗಡಿ ಮುಚ್ಚಿತ್ತು, ಬಸ್ಸಿರಲಿಲ್ಲ. ಆ ಮಧ್ಯಾಹ್ನವೇ ನನ್ನ ತಂಗಿಗೆ ಹೆರಿಗೆ ನೋವು ಶುರುವಾಯಿತು. ಆಂಬುಲೆನ್ಸ್ ಸಿಗಲಿಲ್ಲ. ನಾನು ಓಡಿ ಹೋಗಿ ಕರೆದಾಗ ಅವರು ಊಟಕ್ಕೆ ಕೂತಿದ್ದರು. ಕೈ ತೊಳೆದು ಎದ್ದು, "ಹೋಗುವ ಅಕ್ಕ, ಕಾರಣ ಹೇಳಿದರೆ ಬಿಡ್ತಾರೆ" ಎಂದರು.

ಹೋಗುವಾಗ ಬಿಟ್ಟರು. ನಮ್ಮನ್ನು ಆಸ್ಪತ್ರೆಯಲ್ಲಿ ಇಳಿಸಿ ಅವರೊಬ್ಬರೇ ಹಿಂದೆ ಬರುವಾಗ ಬೇರೆ ಪೊಲೀಸರು ನಿಲ್ಲಿಸಿದರು. ಕಾರಣ ಹೇಳಿ ಮುಗಿಸುವ ಮೊದಲೇ ಲಾಠಿ ಬಿತ್ತು. ಬಲಗೈ ಮುರಿಯಿತು.

ತಂಗಿಯೂ ಮಗುವೂ ಕ್ಷೇಮವಾಗಿ ಮನೆಗೆ ಬಂದರು. ಆಜ್ಞೆ ತೆಗೆದ ಮೇಲೆ ದೂರು ಕೊಡಲು ಅವರೊಟ್ಟಿಗೆ ನಾನೂ ಠಾಣೆಗೆ ಹೋದೆ. ಅಧಿಕಾರಿ ಬೆಂಚು ತೋರಿಸಿ ಕೂರಿಸಿ, ಸಮಾಧಾನದಿಂದಲೇ ಕೇಳಿದರು: "ಹೊಡೆದದ್ದನ್ನು ನೋಡಿದವರು ಯಾರಾದರೂ ಉಂಟಾ?"

ಅಣ್ಣ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದರು.

"ಎಲ್ಲರನ್ನೂ ನೀವೇ ಮನೆಯೊಳಗೆ ಕೂರಿಸಿದ್ದಿರಲ್ಲ ಸಾರ್," ಎಂದರು. "ರಸ್ತೆಯಲ್ಲಿ ಇದ್ದದ್ದು ನಾನು, ಮತ್ತೆ ನಿಮ್ಮವರು."

ಅಧಿಕಾರಿ ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡು, ನೀವಿನ್ನು ಹೋಗಬಹುದು ಎಂದರು.